ಟೊಂಕನೋವಿಗೆ ಹಸ್ತಚಿಕಿತ್ಸೆ: ನಂಬುವುದೆಷ್ಟು, ಬಿಡುವುದೆಷ್ಟು?

ಮನೆಯೆಂದ ಮೇಲೆ ಟೊಂಕನೋವಿನ ಮಾತು ಇದ್ದೇ ಇರುತ್ತದೆ. ನಮ್ಮ ದೊಡ್ಡಮ್ಮನವರು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬದುಕು ಕಟ್ಟಿಕೊಂಡವರು. ಅರವತ್ತು ದಾಟಿದ ಮೇಲೂ ಹತ್ತಿ ಬಿಡಿಸುವ ದಿನಗಳಲ್ಲಿ ಹೊಲ ಬಿಟ್ಟು ಮನೆಯಲ್ಲಿ ಕುಳಿತವರಲ್ಲ. ಅಂಥವರು ಒಂದು ಮುಂಜಾನೆ ತುಂಬಿದ ಕೊಡವನ್ನೆತ್ತಲು ಬಾಗಿದವರು ಮತ್ತೆ ನೆಟ್ಟಗಾಗಲಾರದೆ ಗೋಡೆ ಹಿಡಿದು ನಿಂತರು. ಅಂದು ಹಾಸಿಗೆ ಹಿಡಿದವರು ಮೂರು ವಾರ ಕಳೆದರೂ ಏಳಲಿಲ್ಲ. ಬಂದವರೆಲ್ಲರೂ ಒಂದೊಂದು ಉಪಾಯ ಹೇಳಿದರು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳಬೇಕೆಂದು ಒಬ್ಬರು, ನಾಟಿ ವೈದ್ಯರಿಂದ ಎಣ್ಣೆ ಹಚ್ಚಿ ತಿಕ್ಕಿಸಬೇಕೆಂದು ಇನ್ನೊಬ್ಬರು, ಸೊಂಟಕ್ಕೆ ಬೆಲ್ಟ್ ಬಿಗಿಯಬೇಕೆಂದು ಮತ್ತೊಬ್ಬರು. ಅಮೆರಿಕದಲ್ಲಿದ್ದ ಮಗ ದೂರವಾಣಿಯಲ್ಲಿ, "ಅವ್ವಾ, ಇಲ್ಲಿ ಕೈರೋಪ್ರಾಕ್ಟರ್ ಅಂತ ಇರತಾರ. ಗುಳಿಗಿ ಇಲ್ಲ, ಸೂಜಿ ಇಲ್ಲ, ಬರೇ ಕೈಯಿಂದ ಬೆನ್ನು ನೆಟ್ಟಗ ಮಾಡತಾರ. ನಮ್ಮ ಊರಾಗ ಅಂಥವರು ಇದ್ದರ ನೋಡ್ರಿ" ಎಂದನು.

"ಅದೇನಪ್ಪಾ ಆ ವಿದ್ಯೆ?" ಎಂದು ದೊಡ್ಡಮ್ಮನವರು ನನ್ನನ್ನು ಕೇಳಿದರು. ಆ ಪ್ರಶ್ನೆಯು ಅವರೊಬ್ಬರದಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 62 ಕೋಟಿ ಜನರು ಟೊಂಕನೋವಿನಿಂದ ಬಳಲುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ಇಂದು ನಮ್ಮ ನಗರಗಳಲ್ಲಿಯೂ ಕೈರೋಪ್ರಾಕ್ಟಿಕ್ ಎಂಬ ಫಲಕಗಳು ಕಾಣತೊಡಗಿವೆ. ಬೆನ್ನನ್ನು ಲಟಲಟನೆ ಮುರಿಯುವ ದೃಶ್ಯಗಳು ಮೊಬೈಲಿನಲ್ಲಿ ಮನೆಮನೆಯನ್ನೂ ತಲುಪಿವೆ. ಆದ್ದರಿಂದ ಈ ವಿದ್ಯೆಯ ಹುಟ್ಟು, ಅದರ ಗುಣ ಹಾಗೂ ಮಿತಿಗಳನ್ನು ಓದುಗ ಬಂಧುಗಳು ತಿಳಿದಿರುವುದು ಒಳಿತು.

ಡೇವನ್‌ಪೋರ್ಟ್ ನಗರದಲ್ಲಿ ಹುಟ್ಟಿದ ವಿದ್ಯೆ

ಕೈರೋಪ್ರಾಕ್ಟಿಕ್ ಎಂಬ ಹೆಸರು ಗ್ರೀಕ್ ಭಾಷೆಯ ಎರಡು ಪದಗಳಿಂದ ಬಂದಿದೆ. ಕೈಯಿಂದ ಮಾಡುವ ಕ್ರಿಯೆ ಎಂಬುದು ಅದರ ಅರ್ಥ. ಇದರ ಮೂಲಪುರುಷನು 1845ರಲ್ಲಿ ಕೆನಡಾ ದೇಶದಲ್ಲಿ ಜನಿಸಿದ ಡೇನಿಯಲ್ ಡೇವಿಡ್ ಪಾಮರ್. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ನಗರದಲ್ಲಿ ಈತನು ಅಯಸ್ಕಾಂತ ಚಿಕಿತ್ಸೆಯೆಂಬ ಹೆಸರಿನಲ್ಲಿ ರೋಗಿಗಳನ್ನು ನೋಡುತ್ತಿದ್ದನು. ಅದೇ ಕಟ್ಟಡದಲ್ಲಿ ಕಸಗುಡಿಸುವ ಕಾಯಕ ಮಾಡುತ್ತಿದ್ದ ಹಾರ್ವೆ ಲಿಲ್ಲಾರ್ಡ್ ಎಂಬುವನಿಗೆ ಬಹುಕಾಲದಿಂದ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. 1895ರ ಸೆಪ್ಟೆಂಬರ್ ತಿಂಗಳಲ್ಲಿ ಪಾಮರನು ಅವನ ಬೆನ್ನಿನಲ್ಲಿ ಉಬ್ಬಿದಂತೆ ಕಂಡ ಮೂಳೆಯೊಂದನ್ನು ಕೈಯಿಂದ ಒತ್ತಿದನೆಂದೂ ಆ ಬಳಿಕ ಅವನ ಶ್ರವಣಶಕ್ತಿ ಮರಳಿತೆಂದೂ ಹೇಳಲಾಗಿದೆ. 1897ರಲ್ಲಿ ಪಾಮರನು ಈ ವಿದ್ಯೆಗೆಂದೇ ಒಂದು ಶಾಲೆಯನ್ನು ತೆರೆದನು. ಅದು ಇಂದಿಗೂ ಡೇವನ್‌ಪೋರ್ಟ್ ನಗರದಲ್ಲಿದೆ.

ಈ ಕಥೆಯಲ್ಲಿ ಒಂದು ತೊಡಕಿದೆ. ಕಿವಿಯ ನರವು ಕಿವಿಯಿಂದ ನೇರವಾಗಿ ಮೆದುಳಿಗೆ ಹೋಗುತ್ತದೆಯೇ ಹೊರತು ಬೆನ್ನೆಲುಬಿನ ಮೂಲಕ ಹಾದುಹೋಗುವುದಿಲ್ಲ. ಹೀಗಿದ್ದರೂ ಪಾಮರನು ನೂರಕ್ಕೆ 95 ರೋಗಗಳಿಗೆ ಬೆನ್ನಿನ ಮೂಳೆಗಳು ಸ್ಥಾನ ತಪ್ಪುವುದೇ ಕಾರಣವೆಂದು ಸಾರಿದನು. ಪರವಾನಗಿಯಿಲ್ಲದೆ ಚಿಕಿತ್ಸೆ ಮಾಡಿದನೆಂಬ ಆರೋಪದ ಮೇಲೆ 1906ರಲ್ಲಿ ಅವನು ಸೆರೆಮನೆಯನ್ನೂ ಕಂಡನು. 1913ರಲ್ಲಿ ಕಾನ್ಸಾಸ್ ರಾಜ್ಯವು ಮೊದಲಿಗೆ ಈ ವೃತ್ತಿಗೆ ಕಾನೂನಿನ ಮನ್ನಣೆ ನೀಡಿತು. ಕೊನೆಯ ರಾಜ್ಯವಾದ ಲೂಸಿಯಾನಾ ಮನ್ನಣೆ ನೀಡಿದುದು 1974ರಲ್ಲಿ.

ಅಮೆರಿಕದ ವೈದ್ಯರ ಸಂಘವು ಈ ವೃತ್ತಿಯನ್ನು ಬಹುಕಾಲ ದೂರವಿಟ್ಟಿತ್ತು. ನಾಲ್ವರಿಗೂ ಹೆಚ್ಚು ಮಂದಿ ಕೈರೋಪ್ರಾಕ್ಟರುಗಳು 1976ರಲ್ಲಿ ಆ ಸಂಘದ ಮೇಲೆ ದಾವೆ ಹೂಡಿದರು. ಸಂಘವು ಅವರನ್ನು ಬಹಿಷ್ಕರಿಸಿದ್ದು ಕಾನೂನಿಗೆ ವಿರುದ್ಧವೆಂದು 1987ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಆದರೆ ಒಂದು ವಿದ್ಯೆಯನ್ನು ಬಹಿಷ್ಕರಿಸಬಾರದು ಎಂಬುದು ಬೇರೆ, ಆ ವಿದ್ಯೆಯು ಹೇಳುವುದೆಲ್ಲವೂ ನಿಜ ಎಂಬುದು ಬೇರೆ. ಎರಡನೆಯದನ್ನು ನ್ಯಾಯಾಲಯವಲ್ಲ, ಪರೀಕ್ಷೆಯೇ ನಿರ್ಧರಿಸಬೇಕು.

ಲಟ್ಟೆಂಬ ಸದ್ದಿನ ಗುಟ್ಟು

ನಮ್ಮ ಬೆನ್ನಿನ ಕಂಬದಲ್ಲಿ ಕತ್ತಿನ ಭಾಗಕ್ಕೆ 7, ಎದೆಯ ಹಿಂಭಾಗಕ್ಕೆ 12, ಟೊಂಕಕ್ಕೆ 5, ಹೀಗೆ ಬೇರೆ ಬೇರೆಯಾಗಿ ಚಲಿಸಬಲ್ಲ 24 ಮೂಳೆಗಳಿವೆ. ಮೂಳೆ ಮೂಳೆಗಳ ನಡುವೆ ಗಾದಿಯಂತಹ ಮೆತ್ತನೆಯ ಬಿಲ್ಲೆಗಳಿವೆ. ಬಲವಾದ ಕಟ್ಟುಗಳೂ ಸ್ನಾಯುಗಳೂ ಇವೆಲ್ಲವನ್ನು ಬಿಗಿಯಾಗಿ ಹಿಡಿದಿವೆ. ಕೊಡವೆತ್ತಿದ ಮಾತ್ರಕ್ಕೆ ಮೂಳೆಯು ಜಾರಿಹೋಗುವುದಿಲ್ಲ, ಬೆರಳಿನಿಂದ ಒತ್ತಿದ ಮಾತ್ರಕ್ಕೆ ಮರಳಿ ಕೂರುವುದೂ ಇಲ್ಲ.

ಹಾಗಾದರೆ ಆ ಸದ್ದು ಯಾವುದು? ಕೀಲಿನೊಳಗೆ ಎಣ್ಣೆಯಂತಹ ದ್ರವವಿರುತ್ತದೆ. ಕೀಲನ್ನು ಥಟ್ಟನೆ ಎಳೆದಾಗ ಆ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡವೊಂದು ಬೆರಳಿನ ನೆಟಿಗೆ ಮುರಿಯುವುದನ್ನು ಎಂ.ಆರ್.ಐ. ಯಂತ್ರದಲ್ಲಿ ಚಿತ್ರಿಸಿ 2015ರಲ್ಲಿ ಇದನ್ನು ತೋರಿಸಿಕೊಟ್ಟಿತು. ಸದ್ದು ಬಂದರೆ ಮೂಳೆ ಸರಿಯಾಯಿತೆಂದು ಹಿಗ್ಗಬೇಕಾಗಿಲ್ಲ, ಬರದಿದ್ದರೆ ಚಿಕಿತ್ಸೆ ಕೆಟ್ಟಿತೆಂದು ಕೊರಗಬೇಕಾಗಿಯೂ ಇಲ್ಲ.

ಎಂ.ಆರ್.ಐ. ಚಿತ್ರವನ್ನು ನೋಡಿ ಎದೆಗುಂದುವವರಿಗೂ ಒಂದು ಮಾತು. 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಪರೀಕ್ಷಿಸಿದಾಗ ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಬಿಲ್ಲೆ ಉಬ್ಬಿದ್ದು ಕಂಡುಬಂದಿತು. ತಲೆಗೂದಲು ನೆರೆಯುವಂತೆ ಬಿಲ್ಲೆಯೂ ವಯಸ್ಸಾದಂತೆ ಸವೆಯುತ್ತದೆ. ವರದಿಯಲ್ಲಿ ಕಂಡ ಉಬ್ಬೇ ನೋವಿನ ಮೂಲವೆಂದು ತಿಳಿದು ಶಸ್ತ್ರಚಿಕಿತ್ಸೆಗೆ ಧಾವಿಸುವುದು ವಿವೇಕವಲ್ಲ.

ಪರೀಕ್ಷೆಯ ಒರೆಗಲ್ಲಿನಲ್ಲಿ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಹಸ್ತಚಿಕಿತ್ಸೆಯಿಂದ ಟೊಂಕನೋವು ತಗ್ಗುವುದೆ? ಒಂದಿಷ್ಟು ತಗ್ಗುವುದೆಂಬುದೇ ಪ್ರಾಮಾಣಿಕವಾದ ಉತ್ತರ. 47 ಪ್ರಯೋಗಗಳನ್ನೂ ಅವುಗಳಲ್ಲಿದ್ದ 9,211 ರೋಗಿಗಳ ವಿವರವನ್ನೂ ಒಟ್ಟುಗೂಡಿಸಿದ ವಿಮರ್ಶೆಯೊಂದು 2019ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಟೊಂಕನೋವಿಗೆ ಬೆನ್ನೆಲುಬಿನ ಹಸ್ತಚಿಕಿತ್ಸೆಯು ವ್ಯಾಯಾಮವೇ ಮೊದಲಾದ ಇತರ ಒಪ್ಪಿತ ಚಿಕಿತ್ಸೆಗಳಷ್ಟೇ ಫಲಕಾರಿಯೆಂದು ಅದು ಹೇಳಿತು. ಅವುಗಳಿಗಿಂತ ಮಿಗಿಲೆಂದೇನೂ ಕಂಡುಬರಲಿಲ್ಲ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಹೊಸದಾಗಿ ಬಂದ ಟೊಂಕನೋವಿಗೆ ಮೊದಲು ಔಷಧರಹಿತ ಉಪಾಯಗಳನ್ನು ಸೂಚಿಸುತ್ತದೆ. ಶಾಖ, ಮಾಲೀಸು ಮತ್ತು ಹಸ್ತಚಿಕಿತ್ಸೆಗಳು ಆ ಪಟ್ಟಿಯಲ್ಲಿವೆ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಟೊಂಕನೋವನ್ನು ಕುರಿತು ಮಾರ್ಗಸೂಚಿಯನ್ನು ಪ್ರಕಟಿಸಿತು. ತಿಳಿವಳಿಕೆ, ವ್ಯಾಯಾಮ, ಹಸ್ತಚಿಕಿತ್ಸೆ, ಮಾಲೀಸುಗಳಿಗೆ ಅದರಲ್ಲಿ ಸ್ಥಾನವಿದೆ. ಆದರೆ ನಮ್ಮಲ್ಲಿ ಬಹುವಾಗಿ ಬಳಕೆಯಲ್ಲಿರುವ ಸೊಂಟದ ಬೆಲ್ಟ್ ಮತ್ತು ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಚಿಕಿತ್ಸೆಗಳನ್ನು ವಾಡಿಕೆಯಾಗಿ ನೀಡಬಾರದೆಂದು ಅದು ಸ್ಪಷ್ಟವಾಗಿ ಹೇಳಿದೆ.

ಬೆನ್ನಿನ ಆಚೆಗೆ ಹೊರಟ ಭರವಸೆಗಳ ಗತಿ ಬೇರೆ. ಮಕ್ಕಳ ಹೊಟ್ಟೆಶೂಲೆ, ಕಿವಿಸೋರಿಕೆ, ಉಬ್ಬಸಗಳಿಗೂ ಬೆನ್ನೆಲುಬಿನ ಚಿಕಿತ್ಸೆಯುಂಟೆಂಬ ಮಾತನ್ನು 2008ರಲ್ಲಿ ಬ್ರಿಟನ್ನಿನ ವಿಜ್ಞಾನ ಲೇಖಕ ಸೈಮನ್ ಸಿಂಗ್ ಪತ್ರಿಕೆಯಲ್ಲಿ ಪ್ರಶ್ನಿಸಿದರು. ಅಲ್ಲಿನ ಕೈರೋಪ್ರಾಕ್ಟರುಗಳ ಸಂಘವು ಅವರ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿ, 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಎಳೆಯ ಕೂಸಿನ ಬೆನ್ನು ಕತ್ತುಗಳನ್ನು ಇಂತಹ ಭರವಸೆಯ ಮೇಲೆ ಯಾರ ಕೈಗೂ ಒಪ್ಪಿಸಬಾರದು.

ಕತ್ತಿನ ವಿಷಯದಲ್ಲಿ ಎಚ್ಚರ

ಟೊಂಕದ ಮಾತು ಬೇರೆ, ಕತ್ತಿನ ಮಾತು ಬೇರೆ. ಮೆದುಳಿಗೆ ರಕ್ತವನ್ನೊಯ್ಯುವ ನಾಲ್ಕು ದೊಡ್ಡ ರಕ್ತನಾಳಗಳು ಕತ್ತಿನ ಮೂಲಕವೇ ಸಾಗುತ್ತವೆ. ಕತ್ತನ್ನು ಥಟ್ಟನೆ ತಿರುವಿದಾಗ ಅವುಗಳ ಒಳಪದರವು ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತವು ಮೆದುಳಿಗೆ ಸಾಗಿ ಪಾರ್ಶ್ವವಾಯು ಬಡಿಯುವ ಸಂಭವವುಂಟು. ಇದು ಅಪರೂಪವೇ ಹೌದು, ಆದರೆ ಸಂಭವಿಸಿದಾಗ ಹಾನಿ ದೊಡ್ಡದು. ಅಮೆರಿಕದ ಹೃದಯ ಸಂಘವು 2014ರಲ್ಲಿ ಈ ಸಂಬಂಧವನ್ನು ರೋಗಿಗಳಿಗೆ ಮೊದಲೇ ತಿಳಿಸಬೇಕೆಂದು ಸೂಚಿಸಿತು. ನಮ್ಮ ರಾಜ್ಯದಲ್ಲಿಯೇ ಕ್ಷೌರದಂಗಡಿಯಲ್ಲಿ ತಲೆಮಾಲೀಸಿನ ಕೊನೆಗೆ ಕತ್ತಿನ ನೆಟಿಗೆ ಮುರಿಸಿಕೊಂಡ ಯುವಕನೊಬ್ಬನಿಗೆ ಪಾರ್ಶ್ವವಾಯು ಬಡಿದ ಸುದ್ದಿಯು 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಆದ್ದರಿಂದ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಿ, ಹೆಗಲನ್ನು ಒತ್ತಿಸಿಕೊಳ್ಳಿ, ಆದರೆ ಕತ್ತನ್ನು ಮುರಿಯಲು ಮಾತ್ರ ಬಂದರೆ ಬೇಡವೆಂದು ಕೈ ಹಿಡಿದು ತಡೆಯಿರಿ.

ಚಿಕಿತ್ಸಕರ ಅರ್ಹತೆಯನ್ನು ವಿಚಾರಿಸುವುದು ಸಂಕೋಚದ ವಿಷಯವಲ್ಲ. ಕೈರೋಪ್ರಾಕ್ಟರ್ ಆಗಲು ಕನಿಷ್ಠ ನಾಲ್ಕು ವರ್ಷಗಳ ಪೂರ್ಣಾವಧಿ ಶಿಕ್ಷಣ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಸೂಚಿಸಿದೆ. ನಮ್ಮ ದೇಶದಲ್ಲಿ ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿಯ ಕಾನೂನಿಲ್ಲ. ಹೀಗಾಗಿ ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳುವ ಹೊಣೆಯು ಮನೆಯವರದೇ ಆಗಿದೆ. ತರಬೇತಿ ಪಡೆದ ಫಿಜಿಯೊಥೆರಪಿ ತಜ್ಞರು ಈಗ ತಾಲ್ಲೂಕು ಪಟ್ಟಣಗಳಲ್ಲಿಯೂ ದೊರೆಯುತ್ತಾರೆ. ಅವರಲ್ಲಿ ಹಲವರು ಕೈಯಿಂದ ಕೀಲು ಸಡಿಲಿಸುವ ಕ್ರಮವನ್ನೂ ವ್ಯಾಯಾಮವನ್ನೂ ಬಲ್ಲವರು.

ತಡಮಾಡಬಾರದ ಲಕ್ಷಣಗಳು

ಟೊಂಕನೋವೆಲ್ಲವೂ ಒಂದೇ ಬಗೆಯದಲ್ಲ. ಕೆಳಗಿನ ಲಕ್ಷಣಗಳಿದ್ದರೆ ಮಾಲೀಸು, ಶಾಖ, ಆಸನ ಎನ್ನುತ್ತ ದಿನ ಕಳೆಯದೆ ವೈದ್ಯರನ್ನು ಕಾಣಬೇಕು.

ಮಲಮೂತ್ರಗಳ ಹತೋಟಿ ತಪ್ಪುವುದು ಇಲ್ಲವೆ ಮೂತ್ರ ಕಟ್ಟುವುದು, ತೊಡೆಗಳ ನಡುವಣ ಭಾಗಕ್ಕೆ ಜೋಮು ಹಿಡಿಯುವುದು, ಕಾಲಿನ ಶಕ್ತಿ ಕುಂದುತ್ತ ಹೋಗುವುದು: ಇವು ನರಗಳ ಗೊಂಚಲು ಒತ್ತಡಕ್ಕೆ ಸಿಲುಕಿದ ಗುರುತುಗಳು. ಅಂದೇ ಆಸ್ಪತ್ರೆಗೆ ಹೋಗಬೇಕು. ಸಂಜೆಯ ಜ್ವರ, ತೂಕದ ಇಳಿಕೆ, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ಅದು ಔಷಧದಿಂದ ಗುಣವಾಗುವ ಕಾಯಿಲೆ, ಆದರೆ ತಿಂಗಳುಗಟ್ಟಲೆ ತಿಕ್ಕಿಸುತ್ತ ಕುಳಿತರೆ ಮೂಳೆ ಕುಸಿದು ಕಾಲುಗಳ ಸ್ವಾಧೀನವೇ ಹೋಗಬಹುದು. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು ಮತ್ತು ಮೂಳೆ ಸವೆದ ವೃದ್ಧೆಯರು ಬೆನ್ನನ್ನು ಜಗ್ಗಿಸುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಮನೆಯಲ್ಲಿಯೇ ಇರುವ ಮದ್ದು

ಇಂತಹ ಲಕ್ಷಣಗಳಿಲ್ಲದ ಟೊಂಕನೋವು ಬಹುಪಾಲು ಜನರಲ್ಲಿ ಆರು ವಾರಗಳೊಳಗೆ ಬಹಳಷ್ಟು ಇಳಿಯುತ್ತದೆ. ಆ ಅವಧಿಯಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ ಹಾಸಿಗೆ ಹಿಡಿಯುವುದು. ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾಸಿಗೆಯಲ್ಲಿ ವಿಶ್ರಮಿಸಿದವರಿಗಿಂತ ನೋವು ಸಹಿಸುವಷ್ಟರ ಮಟ್ಟಿಗೆ ದಿನದ ಕೆಲಸಗಳಲ್ಲಿ ತೊಡಗಿದವರೇ ಬೇಗ ಚೇತರಿಸಿಕೊಂಡರು.

ನೋವು ಮತ್ತೆ ಮರುಕಳಿಸದಂತೆ ಕಾಯುವ ಮದ್ದು ನಡಿಗೆ. ಆಸ್ಟ್ರೇಲಿಯಾದಲ್ಲಿ ಟೊಂಕನೋವಿನಿಂದ ಚೇತರಿಸಿಕೊಂಡ 701 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ರಮೇಣ ನಡಿಗೆಯನ್ನು ಹೆಚ್ಚಿಸುವಂತೆ ತಿಳಿಹೇಳಲಾಯಿತು. ವಾರಕ್ಕೆ ಐದು ಸಲ, ಸಲಕ್ಕೆ ಅರ್ಧ ಗಂಟೆ ಎಂಬುದು ಗುರಿ. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಡೆದವರಿಗೆ ನೋವು ಮರಳಲು ಸಾಮಾನ್ಯವಾಗಿ 208 ದಿನಗಳು ಹಿಡಿದರೆ, ಉಳಿದವರಿಗೆ 112 ದಿನಗಳು ಹಿಡಿದವು.

ಯೋಗದ ವಿಷಯದಲ್ಲಿ ನಮ್ಮ ಬೆಂಗಳೂರಿನ ಸಾಕ್ಷ್ಯವೇ ಇದೆ. ಜಿಗಣಿಯ ಬಳಿಯ ಪ್ರಶಾಂತಿ ಕುಟೀರದಲ್ಲಿ ದೀರ್ಘಕಾಲದ ಟೊಂಕನೋವಿನ 80 ರೋಗಿಗಳ ಮೇಲೆ ನಡೆದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ಒಂದು ವಾರದ ಯೋಗಶಿಬಿರದಲ್ಲಿದ್ದವರ ಅಶಕ್ತತೆಯು, ವ್ಯಾಯಾಮ ಮಾಡಿದ ಮತ್ತೊಂದು ಗುಂಪಿನವರಿಗಿಂತ ಹೆಚ್ಚು ತಗ್ಗಿತು. ಆದರೆ ಆಸನಗಳನ್ನು ಪುಸ್ತಕ ನೋಡಿ ಕಲಿಯದೆ ಬಲ್ಲವರಿಂದ ಕಲಿಯಬೇಕು. ನೋವು ಕೆರಳಿರುವಾಗ ಬೆನ್ನನ್ನು ಬಲವಂತವಾಗಿ ಬಾಗಿಸಬಾರದು.

ಬಿಸಿನೀರಿನ ಚೀಲದಿಂದಲೋ ಉಪ್ಪಿನ ಗಂಟಿನಿಂದಲೋ ಹಿತವಾಗಿ ಶಾಖ ಕೊಡಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರು ಚರ್ಮ ಸುಡದಂತೆ ನೋಡಿಕೊಳ್ಳಬೇಕು. ಕೊಡವನ್ನಾಗಲಿ ಚೀಲವನ್ನಾಗಲಿ ಎತ್ತುವಾಗ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರವಾಗಿ ಹಿಡಿದು, ಟೊಂಕವನ್ನು ತಿರುವದೆ ಎತ್ತಬೇಕು. ಕುಳಿತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಗಂಡಸರ ಟೊಂಕನೋವಿಗೆ ಸಿಗುವ ಆರೈಕೆಯು ಹೆಣ್ಣುಮಕ್ಕಳ ಟೊಂಕನೋವಿಗೆ ಸಿಗುವುದು ಕಡಿಮೆ. ನೀರು ತರುವುದು, ನೆಲ ಒರೆಸುವುದು, ರೊಟ್ಟಿ ಬಡಿಯುವುದು, ಮಗುವನ್ನೆತ್ತುವುದು ಒಂದೇ ಬೆನ್ನಿನ ಮೇಲೆ ಬೀಳುತ್ತಿದ್ದರೆ ಯಾವ ಚಿಕಿತ್ಸೆಯೂ ನಿಲ್ಲಲಾರದು. ಸೊಸೆಯ ನೋವನ್ನು ನೆಪವೆಂದು ತಳ್ಳಿಹಾಕದೆ ಕೆಲಸವನ್ನು ಹಂಚಿಕೊಂಡರೆ ಅದೇ ಅರ್ಧ ಔಷಧ.

ದೊಡ್ಡಮ್ಮನವರ ಮಾತಿಗೆ ಮರಳೋಣ. ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಕಾಲಿನ ಶಕ್ತಿಯನ್ನೂ ಸ್ಪರ್ಶಜ್ಞಾನವನ್ನೂ ನಿಧಾನವಾಗಿ ಪರೀಕ್ಷಿಸಿ, ಅಪಾಯದ ಲಕ್ಷಣಗಳಾವುವೂ ಇಲ್ಲವೆಂದರು. "ಅಜ್ಜೀ, ನಿಮ್ಮ ಬೆನ್ನು ಮುರಿದಿಲ್ಲ, ಮಲಗಿ ಮಲಗಿ ಬಿರುಸಾಗಿದೆ. ಇಂದಿನಿಂದ ಏಳಿರಿ" ಎಂದರು. ಮೊದಲ ದಿನ ಪಡಸಾಲೆಯಿಂದ ಅಂಗಳಕ್ಕೆ, ವಾರದ ಮೇಲೆ ಓಣಿಯ ತುದಿಗೆ, ತಿಂಗಳು ಕಳೆಯುವಷ್ಟರಲ್ಲಿ ಹೊಲದ ಬದುವಿಗೆ ನಡೆದರು. ಫಿಜಿಯೊಥೆರಪಿಯವರ ಕೈಯ ನೆರವನ್ನೂ ನಾಲ್ಕಾರು ಸಲ ಪಡೆದರು. ಅದರಿಂದ ಬಿಗಿತ ಸಡಿಲಿ ನಡೆಯಲು ಧೈರ್ಯ ಬಂದಿತೆಂಬುದು ಅವರ ಮಾತು.

ಹಸ್ತಚಿಕಿತ್ಸೆಯ ನಿಜವಾದ ಸ್ಥಾನವೂ ಇಷ್ಟೇ. ಬಲ್ಲವರ ಕೈಯು ನಮ್ಮನ್ನು ಎಬ್ಬಿಸಿ ನಿಲ್ಲಿಸಬಹುದು, ಅದರ ಮುಂದೆ ನಡೆಯಬೇಕಾದವರು ನಾವೇ. ಈಗ ದೊಡ್ಡಮ್ಮನವರ ಮನೆಯಲ್ಲಿ ನೀರಿನ ಕೊಡವನ್ನು ಮೊಮ್ಮಗನು ಎತ್ತುತ್ತಾನೆ. ಅವರು ದಿನವೂ ಬೆಳಗ್ಗೆ ಹೊಲದವರೆಗೆ ನಡೆದುಹೋಗಿ ಬರುತ್ತಾರೆ.