ನಾಯಂಡಹಳ್ಳಿಯ ಓಣಿಗಳಲ್ಲಿ ಪ್ಲಾಸ್ಟಿಕ್ಕಿನ ಕೊನೆಯ ಪಯಣ

ಬೆಂಗಳೂರಿನ ಮೈಸೂರು ರಸ್ತೆಯ ನಾಯಂಡಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಮೊದಲು ಮೂಗಿಗೆ ಬಡಿಯುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬುಡದಲ್ಲಿ ಹುಟ್ಟಿದಳೆಂದು ಜನ ನಂಬುವ ಹೊಳೆ ಇಲ್ಲಿಗೆ ಬರುವಷ್ಟರಲ್ಲಿ ಕಪ್ಪಾಗಿ, ನೊರೆಗಟ್ಟಿ ಹರಿಯುತ್ತಾಳೆ. ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಬೇರೆಯದೇ ವಾಸನೆ. ಕಾದ ಪ್ಲಾಸ್ಟಿಕ್ಕಿನ ಸಿಹಿಯಂಥ ಘಾಟು ಗಂಟಲಲ್ಲೇ ಕೂತುಬಿಡುತ್ತದೆ. ಎರಡೂ ಬದಿಗೆ ತಗಡಿನ ಶೆಡ್ಡುಗಳು, ಆಳೆತ್ತರಕ್ಕೆ ಪೇರಿಸಿದ ಮೂಟೆಗಳು, ಮಾಲು ಇಳಿಸಲು ಸಾಲುಗಟ್ಟಿದ ಟಾಟಾ ಏಸ್ ಗಾಡಿಗಳು. ನಗರದ ಗುಜರಿ ಅಂಗಡಿಗಳಿಂದ, ವಾರ್ಡಿನ ಒಣ ತ್ಯಾಜ್ಯ ಕೇಂದ್ರಗಳಿಂದ ಹೊರಟ ಪ್ಲಾಸ್ಟಿಕ್ ಬಹಳಷ್ಟು ಬಂದು ಸೇರುವುದು ಇಲ್ಲಿಗೇ. ನಾವು ಮನೆಯಲ್ಲಿ ತೊಳೆದು, ಒಣಗಿಸಿ, ಬೇರೆ ಚೀಲದಲ್ಲಿ ಕಟ್ಟಿ ಕೊಟ್ಟದ್ದು ಮುಂದೇನಾಗುತ್ತದೆ ಎಂದು ತಿಳಿಯಬೇಕಾದರೆ ಈ ಓಣಿಗಳಲ್ಲಿ ನಡೆಯಬೇಕು.

ಒಂದು ಶೆಡ್ಡಿನ ಬಾಗಿಲಲ್ಲಿ ಹೆಂಗಸರು ಗುಡ್ಡೆಯ ಸುತ್ತ ಕೂತು ಕೈ ಬಿಡುವಿಲ್ಲದೆ ಆರಿಸುತ್ತಿದ್ದರು. ಗುಡ್ಡೆಯಿಂದ ಎತ್ತಿದ ಚೂರು ಅರೆಕ್ಷಣವೂ ಕೈಯಲ್ಲಿ ನಿಲ್ಲುವುದಿಲ್ಲ, ಸುತ್ತ ಇಟ್ಟ ಮಂಕರಿಗಳಲ್ಲಿ ಯಾವುದಕ್ಕೋ ಹಾರಿ ಬೀಳುತ್ತದೆ. ಹೇಗೆ ಗುರುತು ಹಿಡಿಯುತ್ತೀರಿ ಅಂತ ಕೇಳಿದೆ. ರಾಯಚೂರು ಕಡೆಯ ಹಿರಿಯಾಕೆ ಎರಡು ಕವರು ಎತ್ತಿ ನನ್ನ ಕಿವಿಯ ಹತ್ತಿರ ಹಿಸುಕಿ ತೋರಿಸಿದರು. "ಸಪ್ಪಳ ಕೇಳ್ರಿ. ಚರಚರ ಅಂದ್ರ ಎಚ್‌ಎಂ. ಇದು ಮೆತ್ತಗ ಅದ, ಎಲ್‌ಡಿ." ಎರಡೂ ಪಾಲಿಥಿನ್ನಿನ ಬಗೆಗಳೇ. ಹಾಲಿನ ಪ್ಯಾಕೆಟ್ಟು ಒಂದು ಕಡೆಗೆ, ಶಾಂಪೂ ಬಾಟಲಿ ಇನ್ನೊಂದು ಕಡೆಗೆ, ಮುರಿದ ಕುರ್ಚಿ ಮತ್ತೊಂದು ಕಡೆಗೆ. ಅನುಮಾನ ಬಂದ ಚೂರಿಗೆ ಗೋಡೌನಿನವರು ಲೈಟರ್ ಹಿಡಿದು ನೋಡುತ್ತಾರೆ. ಮೇಣದ ವಾಸನೆ ಬಂದರೆ ಪಾಲಿಥಿನ್, ಮೂಗು ಸುಡುವ ಘಾಟು ಬಂದರೆ ಪಿವಿಸಿ. ಆ ಘಾಟಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಇರುತ್ತದೆ. ಮುಖಕ್ಕೆ ಮಾಸ್ಕು ಕಟ್ಟಿದವರು ನನಗೆ ಯಾರೂ ಕಾಣಲಿಲ್ಲ.

ಡಬ್ಬಿಗಳ ತಳದಲ್ಲಿ ಬಾಣಗಳ ತ್ರಿಕೋನವೂ ಅದರೊಳಗೆ 1ರಿಂದ 7ರವರೆಗಿನ ಅಂಕಿಯೂ ಇರುತ್ತವೆ. ಅದನ್ನು ಕಂಡೊಡನೆ ಇದು ಮತ್ತೆ ಬಳಕೆಗೆ ಬರುತ್ತದೆ ಎಂದು ನಂಬಿದವರೇ ಹೆಚ್ಚು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವೇ ಜಾರಿಗೆ ತಂದ ಗುರುತು ಅದು. ಅಂಕಿ ಹೇಳುವುದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೆ. 7 ಎಂದರೆ ಮೊದಲ ಆರಕ್ಕೂ ಸೇರದ್ದೆಲ್ಲ, ಬೆರಕೆಯೂ ಅದರಲ್ಲೇ. ಆ ಮಾಲನ್ನು ಈ ಓಣಿಯಲ್ಲಿ ಕೊಳ್ಳುವವರೇ ಅಪರೂಪ.

ಇಲ್ಲಿ ಎಲ್ಲಕ್ಕಿಂತ ಬೇಡಿಕೆ ಇರುವುದು ನೀರಿನ ಬಾಟಲಿಗೆ. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಮೈ ಪೆಟ್ ಎಂಬ ಪ್ಲಾಸ್ಟಿಕ್, ಮುಚ್ಚಳ ಎಚ್‌ಡಿ ಎಂಬ ಗಟ್ಟಿ ಪಾಲಿಥಿನ್, ಲೇಬಲ್ಲು ಮೂರನೆಯದೇ ಜಾತಿ, ಅದರ ಅಡಿಗೆ ಅಂಟು. ಕತ್ತಿನಲ್ಲಿ ಉಳಿದ ಉಂಗುರವನ್ನು ಸಣ್ಣ ಚಾಕುವಿನಿಂದ ಸೀಳಿ ತೆಗೆಯಬೇಕು. ಒಂದೊಂದು ಬಾಟಲಿಗೂ ಇದೇ ಕೆಲಸ. ಯಂತ್ರವೊಂದರಲ್ಲಿ ಇಪ್ಪತ್ತು ರೂಪಾಯಿಯ ನೀರಿಗಾಗಿ ಕ್ಷಣಾರ್ಧದಲ್ಲಿ ತಯಾರಾದ ಬಾಟಲಿಯನ್ನು ಬಿಡಿಸುವುದಕ್ಕೆ ಮನುಷ್ಯರ ಬೆರಳೇ ಬೇಕು.

ಮುಂದಿನ ಶೆಡ್ಡಿನಲ್ಲಿ ಕಟಿಂಗ್ ಮೆಷಿನ್ನಿನ ಅಬ್ಬರ, ಮಾತು ಕೇಳಿಸುವುದಿಲ್ಲ. ಕತ್ತರಿಸಿದ ಚೂರು ತೊಟ್ಟಿಗೆ ಬೀಳುತ್ತದೆ. ಪಾಲಿಥಿನ್ನು, ಪಿಪಿ (ಪಾಲಿಪ್ರೊಪಿಲೀನ್) ತೇಲುತ್ತವೆ, ಪೆಟ್ಟೂ ಪಿವಿಸಿಯೂ ಮುಳುಗುತ್ತವೆ. ಕಾಸ್ಟಿಕ್ ಸೋಡಾ ಹಾಕಿ ಜಿಡ್ಡು ಬಿಡಿಸುತ್ತಾರೆ. ತೊಳೆದ ನೀರು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಈ ತೊಟ್ಟಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಬ್ರಿಟನ್ನಿನ ಒಂದು ಆಧುನಿಕ ಮರುಬಳಕೆ ಘಟಕದ ತೊಳೆನೀರನ್ನು ವಿಜ್ಞಾನಿಗಳು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕ ನೆನಪಾಯಿತು. ಶೋಧಕ ಇಲ್ಲದಿದ್ದರೆ ಒಳಗೆ ಹೋದ ಪ್ಲಾಸ್ಟಿಕ್ಕಿನ ಶೇ 13ರಷ್ಟು, ಶೋಧಕ ಇದ್ದರೂ ಶೇ 6ರಷ್ಟು ಕಣ್ಣಿಗೆ ಕಾಣದ ಕಣಗಳಾಗಿ ನೀರಿಗೆ ಸೇರಬಹುದು ಎಂದಿತ್ತು ಅದು. ಹಣವೂ ತಂತ್ರಜ್ಞಾನವೂ ಇರುವ ಕಡೆಯ ಮಾತು ಇದು. ವೃಷಭಾವತಿ ಇಲ್ಲಿಂದ ಬೈರಮಂಗಲದ ಕೆರೆಗೆ ಹೋಗುತ್ತಾಳೆ, ಆಮೇಲೆ ಅರ್ಕಾವತಿಯ ಜೊತೆ ಕಾವೇರಿಗೆ. ಬೈರಮಂಗಲದ ಸುತ್ತ ಆ ನೀರಿನಲ್ಲಿ ರೈತರು ಬೆಳೆ ಬೆಳೆಯುತ್ತಾರೆ.

ಒಣಗಿದ ಚೂರು ಕೊನೆಗೆ ಕರಗುವ ಯಂತ್ರಕ್ಕೆ. ಬಿಸಿ ಎಳೆಗಳು ಶಾವಿಗೆಯಂತೆ ಹೊರಬಂದು, ನೀರಲ್ಲಿ ಮುಳುಗಿ, ತುಂಡಾಗಿ ಕಾಳಿನಂಥ ದಾಣಾ ಆಗುತ್ತವೆ. ದಾಣಾ ಚೀಲ ತುಂಬಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಪ್ರತಿ ಸಲ ಕರಗಿಸಿದಾಗಲೂ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತವೆ, ಸತ್ವ ಇಳಿಯುತ್ತದೆ. ಬಣ್ಣ ಬೆರೆತದ್ದು ಕಪ್ಪಾಗಲೇಬೇಕು. ಹೀಗಾಗಿ ನೀರಿನ ಬಾಟಲಿ ಹೆಚ್ಚಾಗಿ ಪಾಲಿಯೆಸ್ಟರ್ ನೂಲಾಗಿ ದಿಂಬಿಗೋ ಬಟ್ಟೆಗೋ ಹೋಗುತ್ತದೆ, ಬಕೆಟ್ಟು ಬಾಂಡಲಿಯಾಗುತ್ತದೆ, ಬಾಂಡಲಿ ಕಪ್ಪು ಪೈಪಾಗುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ. ಕಚ್ಚಾತೈಲದ ಬೆಲೆ ಕುಸಿದಾಗಲಂತೂ ಹೊಸ ಪ್ಲಾಸ್ಟಿಕ್ಕೇ ದಾಣಾಕ್ಕಿಂತ ಅಗ್ಗವಾಗುತ್ತದೆ. 2020ರಲ್ಲಿ ಹಾಗೆಯೇ ಆಯಿತು, ಜಗತ್ತಿನ ಹಲವು ಕಡೆ ಈ ಕಸುಬಿನವರು ನೆಲಕಚ್ಚಿದರು.

ಆದರೂ ಇಲ್ಲಿಯವರೆಗೆ ಹೇಳಿದ್ದು ಬೆಲೆ ಇರುವ ಮಾಲಿನ ಕಥೆ. ಶೆಡ್ಡಿನ ಹಿಂದೆ ಹೋದರೆ ಬೆಲೆಯಿಲ್ಲದ್ದು ಕಾಣುತ್ತದೆ. ಚಿಪ್ಸಿನ ಪ್ಯಾಕೆಟ್ಟು, ಬಿಸ್ಕತ್ತಿನ ಕವರು, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ. ಒಂದು ಸ್ಯಾಶೆಯನ್ನು ಹರಿದು ಬೆಳಕಿಗೆ ಹಿಡಿದೆ. ಹೊರಗೆ ಅಚ್ಚು ಹಾಕಿದ ಪೆಟ್, ನಡುವೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ, ಒಳಗೆ ಪಾಲಿಥಿನ್, ಮೂರನ್ನೂ ಅಂಟಿಸಿ ಒಂದು ಮಾಡಿದ್ದು. ಉಗುರಿನಿಂದ ಎಷ್ಟು ಕೆರೆದರೂ ಪದರ ಬಿಡಲಿಲ್ಲ. ಇದನ್ನು ಆರಿಸಿದ್ದಕ್ಕೆ ಆ ಹಿರಿಯಾಕೆಗೆ ಏನೂ ಸಿಗುವುದಿಲ್ಲ, ಯಾಕೆಂದರೆ ಇದನ್ನು ಯಾರೂ ಕೊಳ್ಳುವುದಿಲ್ಲ. ಕೆಲವು ಮೂಟೆಗಳು ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಉರುವಲಾಗಿ ಹೋಗುತ್ತವೆ. ಉಳಿದದ್ದು ಚರಂಡಿಗೆ, ಹೊಳೆಗೆ, ಇಲ್ಲವೇ ಬೀದಿಬದಿಯ ಬೆಂಕಿಗೆ.

ಇದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆದಿತ್ತು. ಗಡುವು ಹತ್ತಿರ ಬಂದ 2018ರಲ್ಲಿ ಆ ಸಾಲು ತಿದ್ದುಪಡಿಯಾಯಿತು. ಸುಟ್ಟು ಶಕ್ತಿ ಪಡೆಯಲಾಗದ ಅಥವಾ ಬೇರೆ ಯಾವ ಉಪಯೋಗಕ್ಕೂ ಬಾರದ ಪ್ಲಾಸ್ಟಿಕ್ ಎಂಬ ಮಾತುಗಳು ಸೇರಿದವು. ಸುಡಲು ಬಾರದ ಪ್ಲಾಸ್ಟಿಕ್ ಎಲ್ಲಿದೆ? ಸ್ಯಾಶೆಗಳು ಉಳಿದುಕೊಂಡವು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ವಸ್ತುಗಳಲ್ಲಿ ಸ್ಟ್ರಾ, ಚಮಚ, ತಟ್ಟೆ, ಲೋಟಗಳಿವೆ, ಸ್ಯಾಶೆ ಇಲ್ಲ. ಕರ್ನಾಟಕ 2016ರಲ್ಲೇ ಕೈಚೀಲ, ಫ್ಲೆಕ್ಸುಗಳನ್ನು ನಿಷೇಧಿಸಿತ್ತು. ನಾಯಂಡಹಳ್ಳಿಯ ಗುಡ್ಡೆಗಳಲ್ಲಿ ಅವೂ ಧಾರಾಳವಾಗಿವೆ.

ತಯಾರಕರೇ ಹೊಣೆ ಹೊರಬೇಕೆಂಬ ನಿಯಮವೂ ಇದೆ. ಕಂಪನಿಗಳು ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಂಡು ಲೆಕ್ಕ ಒಪ್ಪಿಸುತ್ತವೆ. ಆದರೆ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಕೆಲವೇ ಘಟಕಗಳು ಆರು ಲಕ್ಷದಷ್ಟು ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದನ್ನು 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪತ್ತೆ ಮಾಡಿತು. ಅತ್ತ ಕಾಗದದ ಮೇಲೆ ಹಣ ಕೈ ಬದಲಾಗುತ್ತಿರುವಾಗ, ಇತ್ತ ನಿಜವಾಗಿ ಆರಿಸುವ ಹೆಂಗಸರ ಕೈಗೆ ಗ್ಲೌಸು ಕೂಡ ಬಂದಿಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ನಾಗರಿಕರು ಸರಿಯಾಗಿ ಬೇರ್ಪಡಿಸುವುದಿಲ್ಲ, ಗುಜರಿಯವರು ಸರಿಯಾಗಿ ಸಂಸ್ಕರಿಸುವುದಿಲ್ಲ ಎಂಬ ದೂರು ದಿನವೂ ಕೇಳುತ್ತೇವೆ. ಮನುಷ್ಯರ ಕೈ ಮಾಡಬಹುದಾದಷ್ಟನ್ನು ನಾಯಂಡಹಳ್ಳಿ ಆಗಲೇ ಮಾಡುತ್ತಿದೆ.

2015ರವರೆಗೆ ಜಗತ್ತಿನಲ್ಲಿ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಸುಮಾರು ಶೇ 9 ಮಾತ್ರ. 2019ರಲ್ಲಿ 46 ಕೋಟಿ ಟನ್ ಇದ್ದ ಬಳಕೆ 2060ರ ಹೊತ್ತಿಗೆ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ಅಂದಾಜಿಸಿದೆ. ತಯಾರಿಕೆಗೇ ಮಿತಿ ಹಾಕುವ ಮಾತೂ ಇದ್ದ ಜಾಗತಿಕ ಪ್ಲಾಸ್ಟಿಕ್ ಒಪ್ಪಂದಕ್ಕಾಗಿ 2024ರ ಕೊನೆಗೆ ಬುಸಾನ್‌ನಲ್ಲೂ 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ದೇಶಗಳು ಸೇರಿದ್ದವು. ಎರಡೂ ಕಡೆ ಒಮ್ಮತ ಮೂಡಲಿಲ್ಲ. ಉತ್ಪಾದನೆಗೆ ಮಿತಿ ಬೇಡವೆಂದ ದೇಶಗಳಲ್ಲಿ ನಮ್ಮದೂ ಒಂದು. ದೆಹಲಿಯಲ್ಲಿ ಈ ನಿಲುವು ಬದಲಾಗಬೇಕು. ಅದಕ್ಕೂ ಮೊದಲು, ಯಾವ ದೇಶದ ಒಪ್ಪಿಗೆಗೂ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. 2016ರ ನಿಯಮದ ಆ ಹಳೆಯ ಸಾಲನ್ನು, ಎರಡು ವರ್ಷದ ಗಡುವಿನ ಸಮೇತ, ಇದ್ದಂತೆಯೇ ಮರಳಿ ಸೇರಿಸುವುದು.