ಕನ್ನಡಿಯೊಳಗಿನ ಗಗನ

ದೊರೆಯಲಾರದ ವಸ್ತುವನ್ನು ಕನ್ನಡಿಯೊಳಗಿನ ಗಂಟೆಂದು ಕರೆಯುವುದು ಕನ್ನಡಿಗರ ರೂಢಿ. ಗಂಟು ಕಣ್ಣಿಗೆ ಕಾಣುತ್ತದೆ. ಕೈ ಚಾಚಿದರೆ ಗಾಜು ತಡೆಯುತ್ತದೆ. ಹಳ್ಳಿಯ ಶಾಲೆಯ ಮಕ್ಕಳ ಪಾಲಿಗೆ ತಾರಾಲಯವೆಂಬುದು ಬಹುಕಾಲ ಇಂತಹ ಗಂಟೇ ಆಗಿತ್ತು. ಅದರ ಚಿತ್ರವನ್ನು ಪಠ್ಯಪುಸ್ತಕದಲ್ಲಿ ಕಂಡವರು ಅನೇಕರು. ಅದರೊಳಗೆ ಕುಳಿತು ತಲೆಯೆತ್ತಿದವರು ವಿರಳ. ಆಶ್ಚರ್ಯದ ಸಂಗತಿಯೆಂದರೆ, ಆ ಗಂಟನ್ನು ಹೊರತೆಗೆದು ಬಡವನ ಕೈಗೂ ಎಟುಕಿಸಬಲ್ಲ ಸಾಧನವು ಕನ್ನಡಿಯೇ ಆಗಿದೆ. ಉಬ್ಬಿದ ಮೈಯ ಒಂದು ಕನ್ನಡಿ, ಸಾಮಾನ್ಯವಾದೊಂದು ಪ್ರೊಜೆಕ್ಟರ್, ಗುಮ್ಮಟದಾಕಾರದ ಒಂದು ಪರದೆ, ಇವಿಷ್ಟಿದ್ದರೆ ಒಂದು ಕೊಠಡಿಯೊಳಗೆ ಇಡೀ ಆಕಾಶವನ್ನು ಹರಡಬಹುದು. ಈ ಏರ್ಪಾಟಿನ ತತ್ತ್ವವೇನು, ಅದರಿಂದ ನಮ್ಮ ನಾಡಿನ ಶಾಲೆಗಳಿಗೆ ಆಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ಮೊದಲು ತಾರಾಲಯದ ಹಿನ್ನೆಲೆಯನ್ನು ಅರಿಯುವುದು ಉಚಿತ. ಗುಮ್ಮಟದ ಒಳಮೈಯ ಮೇಲೆ ಬೆಳಕಿನಿಂದ ನಕ್ಷತ್ರಗಳನ್ನು ಮೂಡಿಸುವ ಯಂತ್ರವನ್ನು ಜರ್ಮನಿಯ ಜೈಸ್ ಸಂಸ್ಥೆಯು ನಿರ್ಮಿಸಿ, 1923ರ ಅಕ್ಟೋಬರ್ ತಿಂಗಳಿನಲ್ಲಿ ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿ ಮೊದಲ ಬಾರಿಗೆ ಪ್ರದರ್ಶಿಸಿತು. ಭಾರತದಲ್ಲಿ ಕಲ್ಕತ್ತೆಯ ಬಿರ್ಲಾ ತಾರಾಲಯ 1962ರಲ್ಲಿ ತೆರೆಯಿತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವು 1989ರಲ್ಲಿ ಆರಂಭವಾಯಿತು; ಅದರ ಗುಮ್ಮಟದ ವ್ಯಾಸ 15 ಮೀಟರ್. ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯವು 2018ರಲ್ಲಿ ಆರಂಭಗೊಂಡಿತು. ಇವೆಲ್ಲವೂ ಮಹಾನಗರಗಳ ವೈಭವಗಳು. ಇವುಗಳ ಯಂತ್ರ, ಕಟ್ಟಡ, ನಿರ್ವಹಣೆಗಳಿಗೆ ಬೇಕಾಗುವ ಧನರಾಶಿಯನ್ನು ಹಳ್ಳಿಯ ಶಾಲೆಯೊಂದು ಕನಸಿನಲ್ಲಿಯೂ ಎಣಿಸಲಾರದು. ವರ್ಷಕ್ಕೊಮ್ಮೆ ಪ್ರವಾಸದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವ ಅನುಕೂಲವಿದ್ದ ಮಕ್ಕಳಿಗೆ ಒಂದು ಗಳಿಗೆಯ ದರ್ಶನ ಲಭಿಸುತ್ತಿತ್ತು. ಉಳಿದವರಿಗೆ ಅದೂ ಇರಲಿಲ್ಲ.

ಗಣಕಯಂತ್ರವು ಬಳಕೆಗೆ ಬಂದ ಮೇಲೆ ಆಕಾಶದ ಚಿತ್ರವನ್ನು ರಚಿಸುವುದು ಸುಲಭವಾಯಿತು. ಕಷ್ಟವಿದ್ದುದು ಆ ಚಿತ್ರವನ್ನು ಗುಮ್ಮಟದ ತುಂಬ ಹರಡುವುದರಲ್ಲಿ. ಸಾಮಾನ್ಯ ಪ್ರೊಜೆಕ್ಟರಿನ ಬೆಳಕು ಎದುರಿನ ಗೋಡೆಯ ಮೇಲೆ ಒಂದು ಆಯತವನ್ನು ಬೆಳಗುವಷ್ಟು ಮಾತ್ರ ಅಗಲವಾಗಿರುತ್ತದೆ. ಗುಮ್ಮಟಕ್ಕಾದರೋ ನಾಲ್ಕು ದಿಕ್ಕಿಗೂ ನೆತ್ತಿಗೂ ಬೆಳಕು ಬೇಕು. ಇದಕ್ಕೆ ಒಂದು ಉಪಾಯ ಮೀನುಗಣ್ಣಿನ ಮಸೂರ. ಅದು ಉತ್ತಮವಾದ ಸಾಧನವೇ ಹೌದು. ಆದರೆ ಬೆಲೆ ಅಧಿಕ. ಅದನ್ನು ಗುಮ್ಮಟದ ನಟ್ಟನಡುವೆ ಇರಿಸಬೇಕಾಗುವುದರಿಂದ ನೋಡುಗರಿಗೆ ಸಲ್ಲಬೇಕಾದ ಅತ್ಯುತ್ತಮ ಸ್ಥಾನವನ್ನು ಯಂತ್ರವೇ ಆಕ್ರಮಿಸುತ್ತದೆ. ಇನ್ನೊಂದು ನಷ್ಟವೂ ಉಂಟು. 1920 ಅಡ್ಡಬಿಂದು, 1080 ಉದ್ದಬಿಂದುಗಳುಳ್ಳ ಆಯತದೊಳಗೆ ಪೂರ್ಣವೃತ್ತವೊಂದನ್ನು ಬರೆದರೆ, ಆ ವೃತ್ತದೊಳಗೆ ಬೀಳುವುದು ಒಟ್ಟು ಬಿಂದುಗಳಲ್ಲಿ ನೂರಕ್ಕೆ 44ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಬೆಳಕು ವ್ಯರ್ಥವಾಗುತ್ತದೆ.

ಈ ತೊಡಕಿಗೆ ಬೇರೊಂದು ದಾರಿಯನ್ನು ತೋರಿದವರಲ್ಲಿ ಆಸ್ಟ್ರೇಲಿಯದ ಪಾಲ್ ಬೋರ್ಕ್ ಪ್ರಮುಖರು. ಮೆಲ್ಬರ್ನ್ ನಗರದ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದಲ್ಲಿದ್ದಾಗ, ಈ ಶತಮಾನದ ಮೊದಲ ದಶಕದಲ್ಲಿ, ಅವರು ಮಸೂರದ ಬದಲು ಗೋಳಾಕಾರದ ಕನ್ನಡಿಯನ್ನು ಬಳಸುವ ವಿಧಾನವನ್ನು ರೂಪಿಸಿದರು. ಗುಮ್ಮಟದ ಅಂಚಿನಲ್ಲಿ ಉಬ್ಬುಗನ್ನಡಿಯನ್ನಿರಿಸಿ, ಪ್ರೊಜೆಕ್ಟರಿನ ಬೆಳಕನ್ನು ಅದರ ಮೇಲೆ ಬಿಡುವುದು. ಅಲ್ಲಿಂದ ಚಿಮ್ಮಿದ ಬೆಳಕು ಗುಮ್ಮಟವನ್ನೆಲ್ಲ ವ್ಯಾಪಿಸುವುದು. ಕನ್ನಡಿ ಪೂರ್ಣಗೋಳವಾಗಿರಬೇಕಾದ ಅಗತ್ಯವಿಲ್ಲ, ಅದರ ಒಂದು ಭಾಗ ಸಾಕು. ಯಂತ್ರವು ಬದಿಗೆ ಸರಿಯಿತು. ನಡುವಿನ ಜಾಗ ಮಕ್ಕಳಿಗೆ ಉಳಿಯಿತು.

ಕನ್ನಡಿಯು ಈ ಕೆಲಸವನ್ನು ಹೇಗೆ ಮಾಡುತ್ತದೆ? ಬೆಳಕಿನ ಕಿರಣವು ಕನ್ನಡಿಗೆ ಯಾವ ಕೋನದಲ್ಲಿ ತಾಗುವುದೋ ಅದೇ ಕೋನದಲ್ಲಿ ಹಿಂದಿರುಗುತ್ತದೆ ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಬಲ್ಲ ನಿಯಮ. ಇದರಿಂದ ಹುಟ್ಟುವ ಒಂದು ಫಲಿತವನ್ನು ಮಾತ್ರ ವಿಶೇಷವಾಗಿ ಗಮನಿಸಬೇಕು. ಕನ್ನಡಿಯನ್ನು ಒಂದು ಡಿಗ್ರಿಯಷ್ಟು ತಿರುಗಿಸಿದರೆ, ಹಿಂದಿರುಗುವ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಚಪ್ಪಟೆ ಕನ್ನಡಿಯ ಮೈಯೆಲ್ಲ ಒಂದೇ ದಿಕ್ಕಿಗೆ ಮುಖಮಾಡಿರುವುದರಿಂದ ಅದು ಬೆಳಕಿನ ದಾರಿಯನ್ನು ಬದಲಿಸುತ್ತದೆಯೇ ಹೊರತು ಹರವನ್ನು ಹೆಚ್ಚಿಸುವುದಿಲ್ಲ. ಉಬ್ಬುಗನ್ನಡಿಯಲ್ಲಾದರೋ ಪ್ರತಿಯೊಂದು ಬಿಂದುವಿನ ಮುಖವೂ ಬೇರೆ ಬೇರೆ ದಿಕ್ಕಿಗೆ. ಮೈಯ ಬಾಗು 45 ಡಿಗ್ರಿಗಳಷ್ಟಿದ್ದರೆ, ಆ ಬಾಗೊಂದೇ ಕಿರಣಗಳನ್ನು 90 ಡಿಗ್ರಿಗಳಷ್ಟು ಚದರಿಸಬಲ್ಲದು. ಕಿರಿದಾದ ಬೆಳಕಿನ ಕಂತೆ ಹೀಗೆ ಗುಮ್ಮಟದಷ್ಟು ಹಿರಿದಾಗುತ್ತದೆ.

ಈ ತತ್ತ್ವವನ್ನು ಅರಿಯಲು ಗೌರಿಬಿದನೂರು ತಾಲ್ಲೂಕಿನ ಅಲೀಪುರದಂತಹ ಊರಿಗಿಂತ ತಕ್ಕ ಪಾಠಶಾಲೆ ಬೇರೊಂದಿಲ್ಲ. ಹರಳುಗಳಿಗೆ ಸಾಣೆ ಹಿಡಿದು, ಮುಖಗಳನ್ನು ಕಡೆದು, ಹೊಳಪೇರಿಸುವ ಕಸುಬಿಗೆ ಅಲೀಪುರ ಹೆಸರಾದುದು. ಹರಳಿನ ಹೊಳಪು ಬಣ್ಣಕ್ಕಿಂತ ಹೆಚ್ಚಾಗಿ ಕೋನದ ಫಲ. ಮಾಣಿಕ್ಯ, ನೀಲಗಳ ಜಾತಿಯ ಹರಳಿನಲ್ಲಿ ಒಳಹೊಕ್ಕ ಬೆಳಕು ತಳದ ಮುಖಕ್ಕೆ ಲಂಬದಿಂದ ಸುಮಾರು 34 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ತಾಗಿದರೆ ಹೊರಬೀಳದೆ ಕನ್ನಡಿಯಲ್ಲಿ ಆಗುವಂತೆ ಒಳಕ್ಕೇ ಮರಳುತ್ತದೆ. ವಜ್ರದಲ್ಲಿ ಈ ಎಲ್ಲೆ 24 ಡಿಗ್ರಿಗಳಷ್ಟು. ಕೋನ ತಪ್ಪಿದರೆ ಬೆಳಕು ತಳದಿಂದ ಸೋರಿಹೋಗಿ ಹರಳು ಮಂಕಾಗುತ್ತದೆ. ಆದಕಾರಣ ಸಾಣೆಯ ಮುಂದೆ ಕುಳಿತವನು ಕೈಯಲ್ಲಿ ಕಲ್ಲನ್ನು ಹಿಡಿದಿದ್ದರೂ ನಿಜವಾಗಿ ತಿದ್ದುತ್ತಿರುವುದು ಬೆಳಕಿನ ದಾರಿಯನ್ನು.

ಹರಳಿನ ಒಂದೊಂದು ಮುಖವೂ ಒಂದು ಪುಟ್ಟ ಚಪ್ಪಟೆ ಕನ್ನಡಿ. ಮುಖಗಳ ಸಂಖ್ಯೆಯನ್ನು ನೂರು, ಸಾವಿರ, ಲಕ್ಷವೆಂದು ಏರಿಸುತ್ತ ಹೋದರೆ ಕೊನೆಗೆ ಅಂಚುಗಳು ಅಳಿದು ನುಣುಪಾದ ಉಬ್ಬು ಉಳಿಯುತ್ತದೆ. ಉಬ್ಬುಗನ್ನಡಿಯೆಂದರೆ ಎಣಿಕೆಗೆ ಸಿಗದಷ್ಟು ಮುಖಗಳುಳ್ಳ ಹರಳೆಂದು ಭಾವಿಸಬಹುದು. ಇದು ಅಲಂಕಾರಕ್ಕಾಗಿ ಹೇಳಿದ ಮಾತಲ್ಲ. ಗೋಳಕನ್ನಡಿಗೆ ಚಿತ್ರವನ್ನು ಸಿದ್ಧಪಡಿಸುವ ಗಣಕಯಂತ್ರವೂ ಚಿತ್ರವನ್ನು ಬಲೆಯ ಕಣ್ಣುಗಳಂತೆ ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸಿ, ಒಂದೊಂದು ತುಂಡು ಕನ್ನಡಿಯ ಯಾವ ಭಾಗಕ್ಕೆ ತಾಗಿ ಗುಮ್ಮಟದ ಯಾವ ಎಡೆಗೆ ಸೇರುವುದೆಂಬುದನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ.

ಈ ಲೆಕ್ಕವೇಕೆ ಬೇಕೆಂಬುದನ್ನೂ ತಿಳಿಯಬೇಕು. ಉಬ್ಬುಗನ್ನಡಿಯು ಚಿತ್ರವನ್ನು ಹರಡುವುದರ ಜೊತೆಗೆ ಸೊಟ್ಟಗೂ ಮಾಡುತ್ತದೆ. ಬೆಳಕು ತನ್ನ ದಾರಿಯಲ್ಲಿ ರೂಪವನ್ನು ಬದಲಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕಿರಿದಾದ ಕಿಂಡಿಯೊಂದರ ಮೂಲಕ ಒಳಬರುವ ಬೆಳಕು ಗೋಪುರದ ಬಿಂಬವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ಯಾತ್ರಿಕರೆಲ್ಲ ಕಂಡಿದ್ದಾರೆ. ಅಲ್ಲಿ ಬಿಂಬವನ್ನು ನೇರವಾಗಿಸಬೇಕಾದರೆ ಗೋಪುರವನ್ನೇ ತಲೆಕೆಳಗಾಗಿಸಬೇಕು, ಅದು ಅಸಾಧ್ಯ. ಇಲ್ಲಿ ಮೂಲಚಿತ್ರವು ನಮ್ಮ ಕೈಯಲ್ಲಿರುವುದರಿಂದ ಅದು ಸಾಧ್ಯ. ಕನ್ನಡಿ ಯಾವ ಬಗೆಯಲ್ಲಿ ಸೊಟ್ಟಗೊಳಿಸುವುದೋ ಅದಕ್ಕೆ ಪ್ರತಿಯಾಗಿ ಚಿತ್ರವನ್ನು ಮೊದಲೇ ಸೊಟ್ಟಗೊಳಿಸಿ ಕಳುಹಿಸಬೇಕು. ಎರಡು ವಕ್ರತೆಗಳು ಒಂದನ್ನೊಂದು ಅಳಿಸಿ ಗುಮ್ಮಟದ ಮೇಲೆ ಋಜುವಾದ ಆಕಾಶವು ಮೂಡುತ್ತದೆ. ಬೆಳಕಿನ ಪ್ರಮಾಣವನ್ನೂ ಹೀಗೆಯೇ ತಿದ್ದಬೇಕಾಗುತ್ತದೆ. ಬೆಳಕು ದಟ್ಟವಾಗಿ ಬೀಳುವೆಡೆ ಚಿತ್ರವನ್ನು ಮಂಕಾಗಿಸಿ, ತೆಳುವಾಗಿ ಬೀಳುವೆಡೆಗೆ ಸರಿದೂಗಿಸಬೇಕು. 2000ದಲ್ಲಿ ಆರಂಭವಾದ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಸ್ಟೆಲೇರಿಯಂ ಎಂಬ ತಂತ್ರಾಂಶದಲ್ಲಿ ಗೋಳಕನ್ನಡಿಗೆ ತಕ್ಕಂತೆ ಆಕಾಶಚಿತ್ರವನ್ನು ಬಾಗಿಸಿಕೊಡುವ ಸೌಲಭ್ಯವು ಅಳವಟ್ಟಿದೆ.

ಕನ್ನಡಿಯ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಮನೆಯ ಕನ್ನಡಿಗಳಲ್ಲಿ ಹೊಳಪಿನ ಲೇಪ ಗಾಜಿನ ಹಿಂಬದಿಗೆ ಇರುತ್ತದೆ. ಅಲ್ಲಿ ಗಾಜಿನ ಮುಂಬದಿಯಿಂದ ಸ್ವಲ್ಪ ಬೆಳಕೂ ಹಿಂಬದಿಯಿಂದ ಹೆಚ್ಚಿನ ಬೆಳಕೂ ಮರಳಿ, ಒಂದು ನಕ್ಷತ್ರದ ಪಕ್ಕದಲ್ಲಿ ಅದರದೇ ಪ್ರೇತದಂತೆ ಇನ್ನೊಂದು ಮೂಡುತ್ತದೆ. ಆದ್ದರಿಂದ ಲೇಪವು ಮುಂಬದಿಗಿರುವ ಕನ್ನಡಿಯೇ ಬೇಕು. ಅಂತಹ ಕನ್ನಡಿಯನ್ನು ಬೆರಳಿನಿಂದ ಮುಟ್ಟಬಾರದು. ಒರಟು ಬಟ್ಟೆಯಿಂದ ಒರೆಸಲೂ ಬಾರದು. ಗುಮ್ಮಟದ ಒಳಮೈ ಅಚ್ಚಬಿಳುಪಾಗಿರುವುದಕ್ಕಿಂತ ತುಸು ಬೂದುಬಣ್ಣದ್ದಾಗಿರುವುದು ಲೇಸು. ಬಿಳುಪು ಹೆಚ್ಚಿದರೆ ಒಂದು ಬದಿಯ ಬೆಳಕು ಎದುರುಬದಿಗೆ ಚಿಮ್ಮಿ ಕತ್ತಲೆಯನ್ನು ಕದಡುತ್ತದೆ. ಆರು ಮೀಟರ್ ವ್ಯಾಸದ ಅರೆಗೋಳದ ಒಳಮೈ ಸುಮಾರು 56 ಚದರ ಮೀಟರ್. ಅದರ ನೆಲ 28 ಚದರ ಮೀಟರ್. ಒಂದು ತರಗತಿಯ ಮಕ್ಕಳು ಚಾಪೆಯ ಮೇಲೆ ಒತ್ತಾಗಿ ಕೂರಲು ಇಷ್ಟು ಸಾಕು. ಗಾಳಿ ತುಂಬಿ ನಿಲ್ಲಿಸುವ ಬಟ್ಟೆಯ ಗುಮ್ಮಟಗಳೂ ಉಂಟು. ಅಂತಹವನ್ನು ಮಡಿಸಿ ಊರಿಂದೂರಿಗೆ ಒಯ್ಯಬಹುದು. ಕರ್ನಾಟಕ ಸರ್ಕಾರವೂ ಸಂಚಾರಿ ತಾರಾಲಯಗಳನ್ನು ಹಳ್ಳಿಗಾಡಿನ ಶಾಲೆಗಳಿಗೆ ಕಳುಹಿಸುವ ಕಾರ್ಯವನ್ನು ಕೈಗೊಂಡುದು ಶ್ಲಾಘ್ಯ.

ಇಷ್ಟೆಲ್ಲ ಶ್ರಮಿಸಿ ಗುಮ್ಮಟದೊಳಗೆ ಆಕಾಶವನ್ನು ಏಕೆ ತೋರಬೇಕು, ಹೊರಗೆ ನಿಜವಾದ ಆಕಾಶವೇ ಇರುವಾಗ, ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ನಮ್ಮ ರೈತರ ಬಾಯಲ್ಲಿದೆ. ಚಿಕ್ಕಬಳ್ಳಾಪುರದ ಸೀಮೆ ಮಳೆಯನ್ನೇ ನೆಚ್ಚಿದ ಒಣನಾಡು. ಇಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದಲೇ ಕರೆಯುತ್ತಾರೆ. ಆಕಾಶದ 360 ಡಿಗ್ರಿಗಳ ದಾರಿಯನ್ನು ಹಿರಿಯರು 27 ಭಾಗಗಳಾಗಿ ಹಂಚಿದರು. ಸೂರ್ಯನು ಒಂದೊಂದು ಭಾಗದಲ್ಲಿ ಹದಿಮೂರು ಹದಿನಾಲ್ಕು ದಿನ ನಿಲ್ಲುತ್ತಾನೆ. ಸೂರ್ಯನು ರೋಹಿಣಿಯಲ್ಲಿರುವ ದಿನಗಳು, ಎಂದರೆ ಮೇ ತಿಂಗಳ ಕೊನೆಯ ವಾರ ಮತ್ತು ಜೂನ್ ಮೊದಲ ವಾರ, ರೋಹಿಣಿ ಮಳೆಯ ದಿನಗಳು. ಆದರೆ ಸೂರ್ಯನು ರೋಹಿಣಿಯ ಬಳಿಯಲ್ಲಿರುವುದರಿಂದಲೇ ಆ ದಿನಗಳಲ್ಲಿ ರೋಹಿಣಿ ಕಣ್ಣಿಗೆ ಕಾಣಿಸುವುದಿಲ್ಲ! ಹಗಲಿನ ಪ್ರಭೆಯಲ್ಲಿ ಅದು ಮುಳುಗಿರುತ್ತದೆ. ಅದು ಸಂಜೆ ಮೂಡಣದಲ್ಲಿ ಕೆಂಪಾಗಿ ಏಳುವುದು ಮಳೆಗಾಲವೆಲ್ಲ ಮುಗಿದ ಮೇಲೆ, ಮಾರ್ಗಶಿರದ ಸುಮಾರಿಗೆ. ಹೀಗಾಗಿ ಮಳೆಯ ಹೆಸರನ್ನು ಬಲ್ಲ ಮಗುವಿಗೆ ಆ ಹೆಸರಿನ ನಕ್ಷತ್ರಕ್ಕೂ ಮಳೆಗೂ ಇರುವ ಸಂಬಂಧ ತಿಳಿಯದು. ಹೆಸರು ಬಾಯಲ್ಲಿ ಉಳಿದು, ಅರ್ಥ ಅಳಿಯುತ್ತದೆ.

ಗುಮ್ಮಟದ ಆಕಾಶದಲ್ಲಿ ಹಗಲಿನ ನೀಲಿಯನ್ನು ಕಳೆಯಬಹುದು. ಆಗ ಸೂರ್ಯನೂ ರೋಹಿಣಿಯೂ ಅಕ್ಕಪಕ್ಕದಲ್ಲಿ ಒಮ್ಮೆಗೇ ಕಾಣುತ್ತವೆ. ದಿನಗಳನ್ನು ವೇಗವಾಗಿ ಓಡಿಸಿದರೆ ಸೂರ್ಯನು ರೋಹಿಣಿಯನ್ನು ಬಿಟ್ಟು ಮೃಗಶಿರಕ್ಕೆ ಸರಿಯುವುದು ಕಣ್ಣಮುಂದೆಯೇ ನಡೆಯುತ್ತದೆ. ಪಂಚಾಂಗದ ಒಂದು ಸಾಲು ಹೀಗೆ ದೃಶ್ಯವಾಗುತ್ತದೆ. ಯಾವ ಊರಿನ ಅಕ್ಷಾಂಶವನ್ನು ಕೊಟ್ಟರೆ ಆ ಊರಿನ ಆಕಾಶವೇ ಮೂಡುವುದರಿಂದ, ಗೌರಿಬಿದನೂರಿನ ಮಕ್ಕಳು ತಮ್ಮೂರಿನ ಧ್ರುವನಕ್ಷತ್ರವು ಉತ್ತರದ ದಿಗಂತದಿಂದ ಕೇವಲ ಹದಿಮೂರೂವರೆ ಡಿಗ್ರಿಯಷ್ಟೇ ಮೇಲೆ ನಿಂತಿರುವುದನ್ನೂ ಕಾಣಬಲ್ಲರು. ಪರದೇಶದ ಪುಸ್ತಕಗಳ ಚಿತ್ರದಲ್ಲಿ ಅದು ನಡುಬಾನಿನಲ್ಲಿರುವುದನ್ನು ಕಂಡು ಹುಡುಕಿ ಸೋಲುವ ಪ್ರಸಂಗ ಆಗ ಬಾರದು.

ಈ ಸಾಧನಕ್ಕೆ ಮಿತಿಗಳಿಲ್ಲವೆಂದಲ್ಲ. ಕನ್ನಡಿಯಿಂದ ಗುಮ್ಮಟದ ಸಮೀಪದ ಅಂಚಿಗೂ ದೂರದ ಅಂಚಿಗೂ ಅಂತರ ಬೇರೆಬೇರೆಯಾದ್ದರಿಂದ ಎಲ್ಲೆಡೆಯೂ ಚಿತ್ರವು ಸಮಾನವಾಗಿ ಸ್ಫುಟವಾಗದು. ಕನ್ನಡಿಯ ಹಿಂಬದಿಯ ಒಂದಿಷ್ಟು ದಿಗಂತ ಬರಿದಾಗಿಯೇ ಉಳಿಯುತ್ತದೆ. ಸಾಧಾರಣ ಪ್ರೊಜೆಕ್ಟರಿನ ಕತ್ತಲೆ ನಿಜವಾದ ಇರುಳಿನ ಕತ್ತಲೆಯಾಗದು. ಇವೆಲ್ಲಕ್ಕಿಂತ ಮಿಗಿಲಾದ ಮಿತಿಯೆಂದರೆ, ಗುಮ್ಮಟದ ಆಕಾಶ ಬಿಂಬವೇ ಹೊರತು ವಸ್ತುವಲ್ಲ. ಬಿಂಬವನ್ನು ಕಂಡ ಮಗುವನ್ನು ಅದೇ ರಾತ್ರಿ ಬಯಲಿಗೆ ಕರೆದೊಯ್ದು ವಸ್ತುವನ್ನು ತೋರಿದಾಗಲೇ ಪಾಠ ಪೂರ್ಣವಾಗುತ್ತದೆ. ನಗರಗಳ ದೀಪದ ಪ್ರಭೆ ವರ್ಷದಿಂದ ವರ್ಷಕ್ಕೆ ಹಬ್ಬುತ್ತಿರುವಾಗ ಈ ಕೆಲಸವನ್ನು ಮುಂದೂಡುವುದು ಸಲ್ಲದು.

ಗೌರಿಬಿದನೂರಿಗೆ ಆಕಾಶವು ಅಪರಿಚಿತವಲ್ಲ. ಬಾನಿನಿಂದ ಬರುವ ರೇಡಿಯೊ ಅಲೆಗಳನ್ನು ಸಂಗ್ರಹಿಸುವ ವೀಕ್ಷಣಾಲಯವೊಂದು ಆ ಊರಿನ ಹತ್ತಿರ 1976ರಲ್ಲಿ ಕಾರ್ಯಾರಂಭ ಮಾಡಿತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿ, ಪ್ರಶ್ನಿಸುವುದನ್ನು ನಾಡಿಗೆ ಕಲಿಸಿದ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದುದು ಅದೇ ತಾಲ್ಲೂಕಿನ ಹೊಸೂರಿನಲ್ಲಿ. ಬೆಳಕಿನ ಕೋನವನ್ನು ಕೈಬೆರಳಿನಿಂದಲೇ ಅಳೆಯಬಲ್ಲ ಕಸುಬುದಾರರು ಅಲೀಪುರದಲ್ಲಿದ್ದಾರೆ. ಆಕಾಶವನ್ನು ಆಲಿಸುವವರು, ಪ್ರಶ್ನಿಸಲು ಕಲಿಸಿದವರು, ಬೆಳಕನ್ನು ತಿದ್ದುವವರು ಒಂದೇ ತಾಲ್ಲೂಕಿನ ಮಣ್ಣಿಗೆ ಸೇರಿದವರಾಗಿರುವಾಗ ಅಲ್ಲಿಯ ಶಾಲೆಯ ಮಗುವಿಗೆ ರೋಹಿಣಿ ಬರಿಯ ಹೆಸರಾಗಿ ಉಳಿಯಬಾರದು. ಶರಣರು ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸಬೇಕೆಂದರು. ಅರಿವಿಗೂ ಆ ಮಾತು ಸಲ್ಲುತ್ತದೆ. ನಾಲ್ಕಾರು ಶಾಲೆಗಳು ಕೂಡಿ ಒಂದು ಕನ್ನಡಿಯನ್ನೂ ಒಂದು ಗುಮ್ಮಟವನ್ನೂ ಹೊಂದಿಸಿಕೊಂಡು, ಸರದಿಯಂತೆ ಊರೂರಿಗೆ ಒಯ್ದರೆ, ಅದು ಮಕ್ಕಳ ಕಣ್ಣಿಗೆ ನೀಡಿದ ದಾಸೋಹವೇ ಆಗುತ್ತದೆ.