ನಿಮಗಿದು ಗೊತ್ತೆ? ಕಂಪ್ರೆಷನ್ ಎಲ್ಲಿ ಸೋರುತ್ತಿದೆಯೆಂದು ಕಿವಿಯೇ ಹೇಳುತ್ತದೆ

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಒತ್ತಿದಾಗ ಹುಟ್ಟುವ, 500 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಹತ್ತಿ ಹೇರಿಕೊಂಡು ನಿಂತ ಹಳೆಯ ಪಿಕಪ್ ಒಂದರಲ್ಲಿ ಈ ಒತ್ತಡ, ಅಂದರೆ ಕಂಪ್ರೆಷನ್, ಪೂರ್ತಿ ಹೋದರೆ, ಬ್ಯಾಟರಿ ಎಷ್ಟೇ ಗಟ್ಟಿಯಿದ್ದರೂ ಗಾಡಿ ಸ್ಟಾರ್ಟ್ ಆಗದು.

ಪಿಸ್ಟನ್ ರಿಂಗು ಸವೆದರೂ ಕಂಪ್ರೆಷನ್ ಸೋರುತ್ತದೆ, ಆದರೆ ಅದು ಸವೆಯುವುದು ನಿಧಾನ. ಏರ್ ಫಿಲ್ಟರ್ ದಾಟಿದ ಧೂಳು ವರ್ಷಗಟ್ಟಲೆ ಮಾಡುವ ಕೆಲಸವದು. ಕಂಪ್ರೆಷನ್ ಒಮ್ಮೆಲೇ ಹೋಯಿತೆಂದರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್, ವಾಲ್ವ್, ಟೈಮಿಂಗ್ ಬೆಲ್ಟ್ ಮೇಲೆ. ಪಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ಗೇಜಿನ ಮುಳ್ಳು ಏಳದಿದ್ದರೆ, ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು.

ಇನ್ನೂ ಸೊಗಸಾದ ಪರೀಕ್ಷೆಯೊಂದಿದೆ. ವಾಲ್ವ್‌ಗಳೆಲ್ಲ ಮುಚ್ಚಿರುವಾಗ ಸಿಲಿಂಡರ್‌ಗೆ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡಬೇಕು. ಸೈಲೆನ್ಸರ್‌ನಲ್ಲಿ ಬುಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ಪಿಸ್ಟನ್ ರಿಂಗು. ತಣ್ಣಗಾದ ರೇಡಿಯೇಟರ್‌ನ ನೀರಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಇಲ್ಲವೇ ಹೆಡ್‌ನಲ್ಲಿ ಬಿರುಕು.

ಹೆಡ್ ಬಿಚ್ಚಿಸುವ ಮುನ್ನ ಇದನ್ನು ಮಾಡಿಸಿ. ಆದರೆ ಟೈಮಿಂಗ್ ಬೆಲ್ಟ್ ಹರಿದ ಅನುಮಾನವಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ಬಡಿದು ವಾಲ್ವ್ ಬಾಗಬಹುದು.